ಹಾಳೆಯ ಮೇಲಿನ ಮೂರನೇ ಹೆಸರು

"ಈ ಬಾಗಿಲು ಯಾರದು? ಯಾರನ್ನ ಕೇಳಿದ್ರೆ ತೆಗೀತಾರೆ?"

ಮ್ವಾನಕೊಂಬೊ ಮುದುಕಿ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ಊರಿನ ಔಷಧಾಲಯ. ಕಟ್ಟಿ, ಸುಣ್ಣ ಬಳಿದು, ಬೀಗ ಜಡಿದು ಮೂರು ವರ್ಷವಾಗಿತ್ತು. ನರ್ಸು ಬರಲೇ ಇಲ್ಲ.

ಪಕ್ಕದಲ್ಲಿ ನಿಂತಿದ್ದ ಸೊಸೆ ರಿಜಿಕಿಗೆ ಎಂಟು ತಿಂಗಳು. ಹೋದ ವರ್ಷದ ಹೆರಿಗೆಗೆ ಅವಳನ್ನು ಅಳಿವೆಯಾಚೆಯ ಪಟ್ಟಣದ ಆಸ್ಪತ್ರೆಗೆಂದು ದೋಣಿ ಹತ್ತಿಸಿದ್ದರು. ಸಮುದ್ರ ಇಳಿಯುವ ಹೊತ್ತು. ನಡುದಾರಿಯಲ್ಲಿ ದೋಣಿ ಕೆಸರಿನಲ್ಲಿ ಕೂತುಬಿಟ್ಟಿತು. ನೀರು ಮತ್ತೆ ಏರುವಷ್ಟರಲ್ಲಿ ಮಗು ಹುಟ್ಟಿಯೂ ಆಗಿತ್ತು, ಹೋಗಿಯೂ ಆಗಿತ್ತು.

"ಏನ್ ಬೀಬಿ, ಬಿಸಿಲಲ್ಲಿ ಬಾಗಿಲ ಜೊತೆ ಜಗಳಾನಾ?" ಎನ್ನುತ್ತ ಸೊಮೊಯೆ ಬಂದಳು. ಮನೆಮನೆಗೆ ಹೋಗಿ ಬಸುರಿ ಬಾಣಂತಿಯರನ್ನು ವಿಚಾರಿಸಿಕೊಳ್ಳುವುದು ಅವಳ ಕೆಲಸ. ಊರಿನ ಅಜ್ಜಿಯರೆಲ್ಲ ಅವಳ ಬಾಯಲ್ಲಿ ಬೀಬಿಯರೇ.

"ಬಾಗಿಲಾದ್ರೂ ಸುಮ್ನೆ ಕೇಳಿಸ್ಕೊಳ್ಳುತ್ತೆ ಕಣೆ. ಊರಿನ ಅಧಿಕಾರಿ, ಆ ಚೀಫ್ ಹತ್ರ ಮೂರು ವರ್ಷದಿಂದ ಹೋಗ್ತಿದೀನಿ. ಹೋದಾಗೆಲ್ಲ ಒಂದು ಬುಟ್ಟಿ ಮಾವಿನಹಣ್ಣು. ನೋಡೋಣ ಅಂತಾನೆ, ಹಣ್ಣು ನೋಡ್ತಾನೆ."

"ಅವರ ಕೈಲಿ ನರ್ಸ್ ಇಲ್ಲ ಬೀಬಿ! ಚೀಫು ನೈರೋಬಿಲಿರೋ ದೇಶದ ಸರ್ಕಾರದವರು. ಊರಲ್ಲಿ ಹೊಡೆದಾಟ ಆದ್ರೆ, ಗುರುತಿನ ಚೀಟಿ ಬೇಕಾದ್ರೆ ಅವರ ಹತ್ರ ಹೋಗ್ಬೇಕು. ಔಷಧಾಲಯ, ಕುಡಿಯೋ ನೀರು, ಊರ ರಸ್ತೆ, ಸಂತೆ, ಪುಟ್ಟ ಮಕ್ಕಳ ಶಾಲೆ, ಇದೆಲ್ಲ ನಮ್ಮ ಜಿಲ್ಲೆಯೋರೇ ಆರಿಸಿದ ಕೌಂಟಿ ಸರ್ಕಾರದ್ದು."

"ಮೂರು ವರ್ಷ ಅವನು ಒಂದು ಮಾತು ಹೇಳಲಿಲ್ವಲ್ಲೇ?"

"ಹಣ್ಣು ಸಿಹಿಯಾಗಿತ್ತೇನೋ."

ಮುದುಕಿಗೆ ನಗು ಬರಲಿಲ್ಲ. "ಆ ಕೌಂಟಿಯೋರಾದ್ರೂ ಯಾವತ್ತು ನಮ್ಮ ಮುಖ ನೋಡಿದಾರೆ?"

"ನಾವು ಓಟು ಹಾಕಿ ಕಳಿಸಿದ ವಾರ್ಡಿನ ಸದಸ್ಯ ಕೌಂಟಿ ಸಭೆಯಲ್ಲಿ ಕೂರ್ತಾನೆ. ವರ್ಷಕ್ಕೆ ಏನೇನು ಮಾಡ್ಬೇಕು ಅಂತ ಯೋಜನೆ ಬರೀತಾರೆ. ಅದನ್ನ ಜನರ ಮುಂದೆ ಇಟ್ಟು, ಜನರನ್ನ ಕೇಳಿಯೇ ಮುಂದೆ ಹೋಗ್ಬೇಕು. ಹಾಗಂತ ಕಾನೂನೇ ಇದೆ."

"ಸುಳ್ಳು. ನಮ್ಮನ್ನ ಯಾರು ಕೇಳಿದ್ರು?"

ಸೊಮೊಯೆ ಚೀಲದಿಂದ ಒಂದು ಹಾಳೆ ತೆಗೆದಳು. "ಹೋದ ವರ್ಷದ ಸಭೆಗೆ ಬಂದವರ ಪಟ್ಟಿ. ವಾರ್ಡ್ ಕಚೇರೀಲಿ ಅರ್ಜಿ ಕೊಟ್ಟು ಪ್ರತಿ ತಂದೆ. ಯಾರು ಬೇಕಾದ್ರೂ ಕೇಳಬಹುದು."

ಮೂರನೇ ಸಾಲಿನಲ್ಲಿ, ಬಲದಿಂದ ಎಡಕ್ಕೆ, ಅರಬ್ಬಿ ಅಕ್ಷರದಲ್ಲಿ ಒಂದು ಹೆಸರು. ಮ್ವಾನಕೊಂಬೊ ಹುಡುಗಿಯಾಗಿದ್ದಾಗ ಕುರಾನ್ ಓದಲು ಕಲಿತ ಅಕ್ಷರ ಅದು. ಸಹಿಯನ್ನೂ ಅದರಲ್ಲೇ ಹಾಕುತ್ತಿದ್ದಳು.

ಅವಳಿಗೆ ನೆನಪಾಯಿತು. ಶಾಲೆಯ ಅಂಗಳ. ಕೈಗೆ ಎಣ್ಣೆಯಲ್ಲಿ ಕರಿದ ಬಿಸಿ ಮಂದಾಜಿ, ಒಂದು ಸೋಡಾ. ಯಾರೋ ಹಾಳೆ ಚಾಚಿದ್ದರು. ಸಹಿ ಹಾಕಿ, ತಿಂದು, ಮಧ್ಯಾಹ್ನದ ನಮಾಜಿಗೆ ಎಲ್ಲರ ಜೊತೆ ಎದ್ದು ಬಂದಿದ್ದಳು.

"ನಾವು ಎದ್ದ ಮೇಲೆ ಏನು ಓದಿದ್ರು?"

"ನಮ್ಮ ನರ್ಸನ್ನ ಕೈಬಿಟ್ಟು ಸಂತೆ ಬಾಗಿಲಿಗೆ ಕಮಾನು ಸೇರಿಸಿದ್ರು. ಬೇಡ ಅನ್ನೋಕೆ ಯಾರೂ ಇರಲಿಲ್ಲ. ಈ ಪಟ್ಟಿ ತೋರಿಸಿ, ಊರು ಒಪ್ಪಿದೆ ಅಂದ್ರು."

ರಿಜಿಕಿ ಹಾಳೆಯ ತಾರೀಖಿನ ಮೇಲೆ ಬೆರಳಿಟ್ಟಳು. "ಅತ್ತೆ, ಅದು ಮಗು ಹುಟ್ಟೋಕೆ ಮುಂಚೆ ಅಲ್ವಾ?" ಎಂದಳು. ಅಷ್ಟೇ ಕೇಳಿದಳು.

ಯಾವ ದುಃಖ ಬಂದರೂ ಮ್ವಾನಕೊಂಬೊಳ ನಾಲಿಗೆಯ ಮೇಲೆ ಒಂದು ಪದ್ಯವಿರುತ್ತಿತ್ತು. ಮಗುವನ್ನು ಮಣ್ಣು ಮಾಡಿದ ದಿನವೂ ಇತ್ತು. ಈಗ ತುಟಿ ಅಲುಗಲಿಲ್ಲ.

ಅವಳು ಸೊಮೊಯೆಯನ್ನು ಕೇಳಿದಳು: "ಈಗ ಬರೆದು ಕೊಟ್ರೆ ಈ ಮಗುವಿನ ಹೊತ್ತಿಗೆ ನರ್ಸ್ ಬರ್ತಾಳಾ?"

"ಇಲ್ಲ ಬೀಬಿ. ನಿಮಗೆ ಸುಳ್ಳು ಹೇಳಲ್ಲ. ಬಂದ್ರೂ ಮುಂದಿನ ವರ್ಷ. ಬರದೇನೂ ಇರಬಹುದು. ರಿಜಿಕಿಯನ್ನ ಈಗಲೇ ಆಚೆ ದಡಕ್ಕೆ ಕಳಿಸಿಬಿಡಿ, ದಿನ ತುಂಬೋವರೆಗೂ ಆಸ್ಪತ್ರೆ ಹತ್ರ ನೆಂಟರ ಮನೇಲಿರಲಿ. ಈ ವರ್ಷದ ಸಭೆ ಮಂಗಳವಾರ ಇದೆ."

"ಹಾಳಾಗ್ಲಿ ನಿನ್ನ ಸಭೆ," ಎಂದಳು ಮುದುಕಿ. ಆದರೂ ಅರ್ಜಿ ಬರೆಸಿದಳು. ಒಬ್ಬ ನರ್ಸು, ಹೆರಿಗೆಗೆ ಒಂದು ಮಂಚ. ಬೇರೇನೂ ಕೇಳಲಿಲ್ಲ. ರಿಜಿಕಿಯನ್ನು ಭಾನುವಾರ ದೋಣಿ ಹತ್ತಿಸಿದರು.

ಇದನ್ನು ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮೂರಿಗೂ ಇಂಥ ಹಾಳೆ ಬರುತ್ತದೆ. ಯಾವ ಕೆಲಸ ಯಾವ ಸರ್ಕಾರದ್ದೆಂದು ಮೊದಲು ತಿಳಿದುಕೊಳ್ಳಿ. ಯೋಜನೆಯನ್ನು ಓದಿಸಿಕೊಳ್ಳದೆ ಸಹಿ ಹಾಕಬೇಡಿ. ಬೇಕಾದದ್ದನ್ನು ಬರೆದೇ ಕೊಡಿ, ಮೊಹರು ಬಿದ್ದ ಪ್ರತಿ ಕೈಗೆ ಬರುವ ತನಕ ಜಾಗ ಬಿಟ್ಟು ಏಳಬೇಡಿ. ಎದ್ದು ಹೋದವರ ಹೆಸರಿನಲ್ಲಿ ಏನೆಲ್ಲ ಒಪ್ಪಿಗೆಯಾಗುತ್ತದೆ ಎಂಬುದು ಈ ಮುದುಕಿಗೆ ಗೊತ್ತಿದೆ. ಗೊತ್ತಾಗಿದ್ದು ತಡವಾಗಿ.

ಮಂಗಳವಾರ ಅಂಗಳ ತುಂಬಿತ್ತು. ಮ್ವಾನಕೊಂಬೊ ಯೋಜನೆಯ ಆರೋಗ್ಯದ ಪುಟವನ್ನು ಎರಡು ಸಲ ಓದಿಸಿದಳು. ಅವಳೂರಿನ ಹೆಸರು ಅದರಲ್ಲಿ ಇರಲಿಲ್ಲ. ಅರ್ಜಿ ಚಾಚಿದಳು.

"ಮೊಹರು ತಂದಿಲ್ಲ ಬೀಬಿ," ಎಂದ ಕೌಂಟಿಯ ಗುಮಾಸ್ತ. "ಮುಂದಿನ ವಾರ ಕಚೇರಿಗೆ ತನ್ನಿ. ಈಗ ಇಲ್ಲೊಂದು ಸಹಿ ಮಾಡಿ. ಬಂದಿದ್ದಕ್ಕೆ ಗುರುತು, ಅಷ್ಟೇ."

ಮಸೀದಿಯಿಂದ ಕರೆ ಕೇಳಿಸಿತು. ಅರ್ಧ ಸಭೆ ಎದ್ದು ನಡೆಯಿತು. ಸೊಮೊಯೆ ಕೈಹಿಡಿದು ತಡೆದರೂ ಅವರು ನಿಲ್ಲಲಿಲ್ಲ.

"ಎಲ್ಲರೂ ಹಾಕಿದಾರೆ. ನೀವೊಬ್ಬರೇ ಬಾಕಿ. ದೊಡ್ಡವರು, ಹಟ ಮಾಡಬೇಡಿ," ಗುಮಾಸ್ತ ಪೆನ್ನನ್ನು ಅವಳ ಕೈಗಿಟ್ಟ.

ಅವಳು ಪೆನ್ನನ್ನು ಹಾಳೆಯ ಮೇಲೆ ಅಡ್ಡ ಮಲಗಿಸಿದಳು.

"ಹಾಕಲ್ಲ."