ಬೊಟ್ಟುವಿನ ಮುಖದ ಕೇಕು

ಸಿಂಚನಳ ಏಳನೇ ಹುಟ್ಟುಹಬ್ಬಕ್ಕೆ ಕರುವಿನ ಮುಖದ ಕೇಕು ಮಾಡಿಕೊಡುತ್ತೇನೆಂದು ಮಾತು ಕೊಟ್ಟವಳು ನಾನೇ. ಯಾವ ಕರು ಎಂದು ಮಗಳು ಹೇಳಬೇಕಾಗಿರಲಿಲ್ಲ. ನಮ್ಮ ಸೀಮೆಹಸು ಹಾಕಿದ ಕಪ್ಪು ಗಂಡುಕರುವಿಗೆ ಹಣೆಯಲ್ಲಿ ಬಿಳಿ ಮಚ್ಚೆ ಇತ್ತು. ಬೊಟ್ಟು ಎಂದು ಅವಳೇ ಹೆಸರಿಟ್ಟಿದ್ದಳು.

ಡೈರಿಗೆ ಹಾಲು ಹಾಕುವ ಮನೆಗಳಲ್ಲಿ ಗಂಡುಕರುವನ್ನು ಉಳಿಸಿಕೊಳ್ಳುವವರು ಕಡಿಮೆ. ಎರಡು ತಿಂಗಳ ಹಿಂದೆ ಸಿಂಚನ ಸ್ಕೂಲಿಗೆ ಹೋಗಿದ್ದಾಗ ಕರು ವ್ಯಾಪಾರದ ಮುನಿಕೃಷ್ಣನ ಟೆಂಪೋ ಬಂತು. ಕರುವನ್ನು ಹತ್ತಿಸಿಕೊಂಡು ಹೊಸಕೋಟೆ ರಸ್ತೆ ಹಿಡಿಯಿತು. ನಲ್ಲೂರಿನ ದೊಡ್ಡಮ್ಮನ ಮನೆಗೆ ಕಳಿಸಿದ್ದೇವೆ ಎಂದು ಸಂಜೆ ಅವಳಿಗೆ ಹೇಳಿದೆ. ಅಂದಿನಿಂದ ಪ್ರತಿ ಭಾನುವಾರ ನಲ್ಲೂರಿಗೆ ಹೋಗೋಣ ಎನ್ನುತ್ತಿದ್ದಳು. ಕೇಕು ಚೆನ್ನಾಗಿ ಬಂದುಬಿಟ್ಟರೆ ಕೇಳುವುದನ್ನು ನಿಲ್ಲಿಸಿಯಾಳು ಎಂಬುದೇ ನನ್ನ ಲೆಕ್ಕಾಚಾರ.

ನಾನು ಊರಿನ ಡೈರಿಯಲ್ಲಿ ಹಾಲಿನ ಫ್ಯಾಟ್ ನೋಡುವವಳು. ಒಂದು ಹನಿ ಹೆಚ್ಚುಕಡಿಮೆಯಾದರೂ ನಾನೇ ತಪ್ಪು ಮಾಡಿದೆನೇನೋ ಎಂದು ಮತ್ತೆ ಅಳೆಯುತ್ತೇನೆ. ಮೈದಾವನ್ನೂ ಹಾಗೆಯೇ ಎರಡು ಸಲ ತೂಗಿದೆ. ಓವನ್ ಇಲ್ಲದ್ದರಿಂದ ಕುಕ್ಕರಿನಲ್ಲಿ ಮರಳು ಹಾಸಿ, ಗ್ಯಾಸ್ಕೆಟ್ ತೆಗೆದು, ವಿಷಲ್ ಹಾಕದೆ ಬೇಯಿಸಿದೆ. ಮೊದಲನೆಯದು ನಡುವೆ ಕುಸಿಯಿತು. ಎರಡನೆಯದು ಉಬ್ಬಿತು.

ಅತ್ತೆ ಅಂಜಿನಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು.

"ಮೊಟ್ಟೆ ಹಾಕಿಲ್ಲ ತಾನೆ? ಶನಿವಾರ ಕಣಮ್ಮ."

"ಮೊಸರು ಹಾಕಿದ್ದೀನಿ ಅತ್ತೆ. ಮೂರು ಸಲ ಕೇಳಿದ್ರಿ."

"ನಾಕನೇ ಸಲಾನೂ ಕೇಳ್ತೀನಿ. ಕುಸಿದಿದ್ದನ್ನ ಇತ್ಲಾಗೆ ಕೊಡು, ನೋಡಾನ."

ಕೋಕೋ ಬೆರೆಸಿದ ಕ್ರೀಮು ಬಳಿದು, ಕಿವಿ ಕೂರಿಸಿ, ಬೀಟ್‌ರೂಟ್ ರಸದಿಂದ ಮೂತಿಗೆ ನಸುಗೆಂಪು ತಂದೆ. ಕಣ್ಣು ಬಿಡಿಸಲು ಒಂದು ಗಂಟೆ ಹಿಡಿಯಿತು. ಕೊನೆಗೆ ಹಣೆಯ ಬಿಳಿ ಮಚ್ಚೆ ಇಟ್ಟಾಗ ಬೊಟ್ಟುವೇ ನನ್ನನ್ನು ನೋಡಿದಂತಾಯಿತು.

ಸಂಜೆ ಹಾಲು ಹಾಕಿ ಬರುವಷ್ಟರಲ್ಲಿ ನಡುಮನೆಯ ತುಂಬ ಮಕ್ಕಳು. ಪಕ್ಕದ ಮನೆಯ ಕೀರ್ತನ ಎಲ್ಲರಿಗಿಂತ ಮುಂದೆ ನಿಂತಿದ್ದಳು.

"ಲೇ ಸಿಂಚು, ನಿಜವಾದ ಕರ ಇದ್ದಂಗೈತೆ ಕಣೇ."

ಸಿಂಚನಳ ಮುಖ ಅರಳಿದ್ದನ್ನು ನೋಡಿ ನನಗೆ ಎದೆಯ ಭಾರ ಇಳಿದಂತಾಯಿತು. ನನ್ನ ಗಂಡ ದೇವರಾಜ್ ಮೊಬೈಲ್ ಹಿಡಿದು ವಿಡಿಯೊ ಶುರು ಮಾಡಿದರು. ನಾನು ರಿಬ್ಬನ್ ಕಟ್ಟಿದ ಚಾಕುವನ್ನು ಮಗಳ ಕೈಗೆ ಕೊಟ್ಟೆ.

"ಇದೇನಮ್ಮ ಇದು," ಅತ್ತೆ ಎದ್ದು ಬಂದರು. "ಮಗೂ ಕೈಲಿ ಕರ ಕುಯ್ಯಿಸ್ತೀಯಾ?"

"ಕೇಕು ಕಣಮ್ಮ ಅದು," ಎಂದರು ದೇವರಾಜ್.

"ಕಣ್ಣು ಬುಡ್ಸಿ ಇಕ್ಕವ್ಳೆ ನಿನ್ ಹೆಂಡ್ತಿ, ಕೇಕಂತೆ."

ವಾರವಿಡೀ ಮೊಟ್ಟೆ, ಬಣ್ಣ, ಕ್ರೀಮು ಎಲ್ಲದಕ್ಕೂ ತಲೆ ಕೆಡಿಸಿಕೊಂಡಿದ್ದೆ. ಕೇಕನ್ನು ಕೊಯ್ಯಬೇಕು ಎನ್ನುವುದೊಂದು ಮಾತ್ರ ಹೊಳೆದಿರಲಿಲ್ಲ.

"ಟೆಂಪೋದಲ್ಲಿ ಹೋದ ಕರಗಳ್ನ ಕುಯ್ದುಬಿಡ್ತಾರಂತೆ, ನಮ್ಮಣ್ಣ ಹೇಳ್ದ," ಎಂದಳು ಕೀರ್ತನ.

ಸಿಂಚನ ಚಾಕುವನ್ನು ಮೇಜಿನ ಮೇಲಿಟ್ಟಳು. "ನಮ್ ಬೊಟ್ಟು ಟೆಂಪೋದಲ್ಲಿ ಹೋಗಿಲ್ಲ. ನಲ್ಲೂರಲ್ಲವ್ನೆ. ಅಲ್ವಾಮ್ಮ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅತ್ತೆ ನೆಲ ನೋಡುತ್ತಿದ್ದರು. ನಾನು ಮಗಳ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದೆ.

"ನಲ್ಲೂರಲ್ಲಿ ಇಲ್ಲ ಕಣೇ. ಟೆಂಪೋದಲ್ಲೇ ಹೋಯ್ತು."

"ಎಲ್ಲಿಗೆ?"

"ಗೊತ್ತಿಲ್ಲ. ನಾನು ಕೇಳ್ಲಿಲ್ಲ."

"ಯಾಕೆ ಕೇಳ್ಲಿಲ್ಲ?"

"ಭಯ ಆಯ್ತು. ನಿಂಗೂ ಸುಳ್ಳು ಹೇಳ್ಬಿಟ್ಟೆ."

ಅವಳು ಅಳುತ್ತಾಳೆಂದು ಕಾದೆ. ಹೊಸ ಫ್ರಾಕಿನ ತೋಳಿಗೆ ಮೂಗು ಒರೆಸಿಕೊಂಡಳು, ಅಷ್ಟೆ. ಹೊರಗೆ ಮಕ್ಕಳು ಕೇಕು ಯಾವಾಗ ಎಂದು ಕೇಳುತ್ತಿದ್ದರು. ಅವಳು ತಟ್ಟೆಗಳ ಪಕ್ಕದಿಂದ ಒಂದು ಚಮಚ ತೆಗೆದುಕೊಂಡು ಹೊರಗೆ ನಡೆದಳು. ನಾನು ಹಿಂದೆಯೇ ಹೋದೆ.

ಕುರ್ಚಿ ಹತ್ತಿ, ಚಮಚದ ಬೆನ್ನಿನಿಂದ ಮೊದಲು ಒಂದು ಕಣ್ಣನ್ನು ಸವರಿದಳು, ಆಮೇಲೆ ಇನ್ನೊಂದನ್ನು. ಮೂತಿಯ ಕೆಂಪು ಕಪ್ಪಿನೊಳಗೆ ಕಲಸಿಹೋಯಿತು. ಯಾರೂ ತಡೆಯಲಿಲ್ಲ. ಹಣೆಯ ಬಿಳಿಯನ್ನು ಮಾತ್ರ ಅವಳು ಕಲಸಲಿಲ್ಲ. ಚಮಚದಲ್ಲಿ ಇಡಿಯಾಗಿ ಎತ್ತಿಕೊಂಡು ಏನು ಮಾಡುವುದೆಂದು ತಿಳಿಯದೆ ಹಿಡಿದು ನಿಂತಳು. ಅತ್ತೆ ಹತ್ತಿರ ಬಂದು ಬಾಯಿ ತೆರೆದರು. ಅವಳು ಅಜ್ಜಿಯ ಬಾಯಿಗೆ ಹಾಕಿದಳು.

"ಈಗ ಬರೀ ಕೇಕು," ಎಂದಳು. "ನೀನೇ ಕುಯ್ಯಮ್ಮ."

ಕೊಯ್ದೆ. ಹೋಳುಗಳು ಒಂದೊಂದು ಒಂದೊಂದು ಅಳತೆಯಾದವು. ಕೀರ್ತನ ದೊಡ್ಡದನ್ನೇ ಆರಿಸಿಕೊಂಡಳು. ಸಿಂಚನ ತನ್ನ ಪಾಲನ್ನು ನಿಧಾನವಾಗಿ ತಿಂದು ನನ್ನ ಪಕ್ಕಕ್ಕೆ ಬಂದು ನಿಂತಳು.

"ಟೆಂಪೋ ಅಂಕಲ್ ನಂಬರ್ ಐತಾ?"

"ಅಪ್ಪನ ಹತ್ರ ಐತೆ."

"ಕೇಳು. ಏನಂದ್ರು ಅಂತ ನಂಗೆ ಹಂಗೇ ಹೇಳ್ಬೇಕು."

"ಹೇಳ್ತೀನಿ."

ದೇವರಾಜ್ ವಿಡಿಯೊ ನಿಲ್ಲಿಸಿ, ಒಂದು ಸಲ ನನ್ನ ಮುಖ ನೋಡಿ, ಮುನಿಕೃಷ್ಣನ ನಂಬರ್ ಹುಡುಕತೊಡಗಿದರು.