ಅರವತ್ತು ದಿನಾರಿನ ಮಲ್ಲಿಗೆ

೧
ಎಲ್ಲಿಂದ ಶುರು ಮಾಡಲಿ? ಕಾನೂನಿನಿಂದ ಶುರು ಮಾಡಿದರೆ ನೀವು ಪುಟ ತಿರುಗಿಸುತ್ತೀರಿ. ಆದರೂ ಹೇಳಿಬಿಡುತ್ತೇನೆ, ಎರಡೇ ಮಾತು. ಟಿಕೆಟ್ಟನ್ನು ಅದರ ಮೇಲೆ ಅಚ್ಚಾದ ಬೆಲೆಗಿಂತ ಹೆಚ್ಚಿಗೆ ಮರುಮಾರಾಟ ಮಾಡುವಂತಿಲ್ಲ. ಸೇವಾಶುಲ್ಕ ಎಷ್ಟೆಂದು ಕೊಳ್ಳುವವರಿಗೆ ಮೊದಲೇ ಕಾಣುವಂತೆ ಬರೆಯಬೇಕು. (ಇದು ಈ ಕಥೆಯ ಕಾನೂನು. ವಕೀಲರ ಹತ್ತಿರ ಹೋಗಿ ನನ್ನ ಹೆಸರು ಹೇಳಬೇಡಿ.)

೨
ಮೊದಲ ಡ್ರಾಫ್ಟಿನಲ್ಲಿ ಬ್ಲ್ಯಾಕಿನಲ್ಲಿ ಟಿಕೆಟ್ ಮಾರುವ ಖದೀಮನೊಬ್ಬ, ಅವನ ಹಿಂದೆ ಓಡುವ ಪೊಲೀಸು. ಹರಿದು ಹಾಕಿದೆ. ಟ್ಯೂನಿಸ್ ಪಕ್ಕದ ಮರ್ಸಾದಲ್ಲಿ ಹುಟ್ಟಿ ಬೆಳೆದವನು ನಾನು. ಆಗಸ್ಟ್ ಸೆಖೆಯಲ್ಲಿ ಯಾರೂ ಓಡಿದ್ದನ್ನು ಕಂಡಿಲ್ಲ.

೩ (ನಿಜವಾದ ಶುರು)
ಮುಫೀದಾ ನಮ್ಮ ಬೀದಿಯ ಬಯಲು ರಂಗಮಂದಿರದ ಟಿಕೆಟ್ ಕಿಟಕಿಯಲ್ಲಿ ಮೂವತ್ತೊಂದು ವರ್ಷದಿಂದ ಕೂತವಳು. (ರಂಗಮಂದಿರವನ್ನು ಹುಡುಕಬೇಡಿ, ನಾನೇ ಕಟ್ಟಿಸಿದ್ದು.) ಪಿಂಚಣಿಗೆ ಇನ್ನೆರಡು ತಿಂಗಳು. ದೊಡ್ಡ ಮನೆಯವರು ಬಂದರೂ ಸಾಲಿನಲ್ಲೇ ನಿಲ್ಲಿಸುತ್ತಾಳೆ. ಲೇಖಕ ತನ್ನ ಪಾತ್ರದ ಮೇಲೆ ಮೋಹ ಪಡಬಾರದಂತೆ. ನಾನು ಪಟ್ಟಾಯಿತು.

ಅವಳ ತಮ್ಮ ಮೊಂಜಿ ಗೇಟಿನ ಹೊರಗೆ ಮಲ್ಲಿಗೆ ಮೊಗ್ಗಿನ ಪುಟ್ಟ ಗೊಂಚಲು ಕಟ್ಟಿ ಮಾರುತ್ತಾನೆ. ಬೇಸಿಗೆಯಲ್ಲಿ ಹಾಡು ಕೇಳಲು ಬರುವ ಗಂಡಸರು ಅದನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡೇ ಒಳಗೆ ಹೋಗುವುದು. ಗೊಂಚಲಿಗೆ ಒಂದು ದಿನಾರ್.

೪
ಮಾಲೂಫ್ ಎಂಬ ನಮ್ಮ ಹಳೆಯ ಶಾಸ್ತ್ರೀಯ ಸಂಗೀತ ಹಾಡುವ ಮುದುಕಿಯೊಬ್ಬಳ ಕೊನೆಯ ಕಾರ್ಯಕ್ರಮ. ಮೂವತ್ತು ದಿನಾರಿನ ಟಿಕೆಟ್ಟುಗಳು ಒಂದೇ ಬೆಳಗ್ಗೆ ಖಾಲಿಯಾದವು. ನೆಂಟರಿಷ್ಟರ ಹೆಸರಿನಲ್ಲಿ ಮೊಂಜಿ ಇಪ್ಪತ್ತು ಕೊಂಡಿದ್ದ. (ಫೋನಿನಲ್ಲಿ. ಅಕ್ಕನ ಕಿಟಕಿಗೆ ಹೋಗುವ ಧೈರ್ಯ ಅವನಿಗೂ ಇಲ್ಲ.) ಕಾರ್ಯಕ್ರಮದ ಸಂಜೆ ಅವನ್ನು ಸರಿಯಾಗಿ ಮೂವತ್ತಕ್ಕೇ ಮಾರಿದ. ಜೊತೆಗೆ ಒಂದು ಮಲ್ಲಿಗೆ ಗೊಂಚಲು ಕಡ್ಡಾಯ, ಅದಕ್ಕೆ ಅರವತ್ತು. ಕಾನೂನು ಚಾಪೆ ಕೆಳಗೆ ತೂರಿದರೆ ಇವನು ರಂಗೋಲಿ ಕೆಳಗೆ ತೂರುವವನು.

ಆದರೆ ಅರವತ್ತು ದಿನಾರಿನ ಹೂವನ್ನು ಯಾವ ಗಂಡಸು ಕಿವಿಯ ಮೇಲೆ ಇಟ್ಟುಕೊಳ್ಳುತ್ತಾನೆ? ಕೊಂಡವರೆಲ್ಲ ಹೆಂಡತಿಗೆಂದು ಕರವಸ್ತ್ರದಲ್ಲಿ ಸುತ್ತಿ ಜೋಪಾನವಾಗಿ ಹಿಡಿದು ಬಂದರು. ಮುಫೀದಾ ಕಿಟಕಿಯಿಂದ ನೋಡಿದಳು. ಅವರಲ್ಲೊಬ್ಬರಾದ ನಮ್ಮ ಬೀದಿಯ ಔಷಧಿ ಅಂಗಡಿಯವರನ್ನು ನಿಲ್ಲಿಸಿ ಕೇಳಿದಳು, ಅವರು ಎಲ್ಲ ಹೇಳಿಬಿಟ್ಟರು. ಎದ್ದು ಹೊರಗೆ ಹೋದಳು.

೫
"ಹೂವಿಗೆ ಅರವತ್ತು ಯಾವಾಗಿಂದ ಆಯ್ತೋ?"

"ಟಿಕೆಟ್ಟು ಮೂವತ್ತಕ್ಕೇ ಕೊಟ್ಟಿದೀನಕ್ಕ. ಹೂವಿನ ರೇಟು ನನ್ನಿಷ್ಟ."

"ಹೂ ಬೇಡ ಅಂದೋರಿಗೆ ಟಿಕೆಟ್ ಕೊಟ್ಯಾ?"

ಮೊಂಜಿ ಕೈಲಿದ್ದ ಗೊಂಚಲಿನ ದಾರ ಬಿಗಿದ. ಆಮೇಲೆ ನಾನು ಬರೆದುಕೊಡದ ಮಾತೊಂದನ್ನು ಆಡಿದ.

"ಫೋನಲ್ಲಿ ತಗೊಂಡ್ರೆ ನಿಮ್ಮ ಥಿಯೇಟ್ರು ಸೇವೆ ಅಂತ ಎಂಟು ದಿನಾರ್ ಕಿತ್ಕೊಳ್ಳತ್ತೆ. ಅದನ್ನ ದುಡ್ಡು ಕಟ್ಟೋ ಕೊನೇ ಗಳಿಗೇಲಿ ತೋರಿಸತ್ತೆ. ಯಾವ ಸೇವೆ? ಒತ್ತೋ ಬೆರಳು ನಮ್ದೇ. ನಾನಾದ್ರೂ ಹೂ ಕೊಡ್ತೀನಿ."

(ಅವಳ ಬಾಯಿಗೆ ಖಾರವಾದ ಉತ್ತರವೊಂದನ್ನು ಕೊಡಲು ಹೋದೆ. "ನೀ ಸುಮ್ನಿರಪ್ಪ. ಅವನು ಹೇಳಿದ್ದು ಸರಿ" ಎಂದು ನನ್ನನ್ನೇ ಗದರಿದಳು.)

೬
ತಮ್ಮನ ಕೈಹಿಡಿದು ಗೇಟಿಗೆ ಕರೆತಂದು, ಇಪ್ಪತ್ತು ಜನಕ್ಕೂ ತಲಾ ಐವತ್ತೊಂಬತ್ತು ದಿನಾರ್ ವಾಪಸ್ ಕೊಡಿಸಿದಳು. ಉಳಿದ ಒಂದು ಹೂವಿನದು, ಅದು ನ್ಯಾಯವಾಗಿ ಅವನದೇ. ಆಮೇಲೆ ದಪ್ಪ ಪೆನ್ನು ತೆಗೆದು ಕಿಟಕಿಯ ಬೋರ್ಡಿನ ನೆತ್ತಿಯ ಮೇಲೆ ಬರೆದಳು: ಫೋನಿನಲ್ಲಿ ಕೊಂಡರೆ ಎಂಟು ದಿನಾರ್ ಹೆಚ್ಚು, ಇಲ್ಲಿ ಇಲ್ಲ. ಯಾರನ್ನೂ ಕೇಳಲಿಲ್ಲ.

ಮರುದಿನ ರಂಗಮಂದಿರದ ನಿರ್ದೇಶಕರು ಅವಳನ್ನು ಕರೆಸಿದರು. ತಮ್ಮನಿಗೆ ಟಿಕೆಟ್ ದಾಟಿಸಿದವಳು ನೀನೇ ಎಂಬುದು ಆರೋಪ. ಬೋರ್ಡಿನ ಮೇಲೆ ಅವಳು ಬರೆದದ್ದರ ಸಿಟ್ಟು ಹಾಗೆ ಹೊರಬಂತು.

೭, ಅಥವಾ ಅದರ ಬದಲು
ಅಂತ್ಯ ಒಂದು: ಕೆಲಸ ಹೋಯಿತು, ಪಿಂಚಣಿಯೂ ಹೋಯಿತು. ಬರೆಯಲು ನನ್ನ ಕೈ ಒಪ್ಪಲಿಲ್ಲ.

ಅಂತ್ಯ ಎರಡು: ನಿರ್ದೇಶಕರು ಕ್ಷಮೆ ಕೇಳಿ ಪ್ರಶಸ್ತಿಪತ್ರ ಕೊಟ್ಟರು. ಇದಕ್ಕೆ ಮುಫೀದಾಳೇ ನಕ್ಕಳು. ಅವರನ್ನು ನೀನು ನೋಡಿಲ್ಲ ಎಂದಳು.

ನಿರ್ದೇಶಕರ ಕೋಣೆಯ ಬಾಗಿಲವರೆಗೂ ಅವಳನ್ನು ಹಿಂಬಾಲಿಸಿದೆ. ಒಳಗೆ ನಡೆಯುವುದು ನಿನ್ನ ಓದುಗರಿಗಲ್ಲ ಎಂದು ಬಾಗಿಲು ಹಾಕಿಕೊಂಡಳು.

ಹೊರಗಿನ ಬೆಂಚಿನ ಮೇಲೆ ಮೊಂಜಿ ಕೂತಿದ್ದ. ಅವನನ್ನು ನಾನು ಇಲ್ಲಿಗೆ ಕರೆದಿರಲಿಲ್ಲ. ಟಿಕೆಟ್ಟು ಕೊಂಡವನೂ ಮಾರಿದವನೂ ತಾನೇ, ಅಕ್ಕನಿಗೆ ಗೊತ್ತಿರಲಿಲ್ಲ ಎಂದು ಬರೆದು ಸಹಿ ಹಾಕಿ ತಂದಿದ್ದ. ಆ ಕಾಗದ ಕೊಟ್ಟರೆ ಅವನ ಹೂವಿನ ಪರವಾನಗಿ ರದ್ದಾಗುತ್ತದೆ. ಅದು ಅವನಿಗೂ ಗೊತ್ತಿತ್ತು.

ಕಥೆ ಮುಗೀತು ಕಣಯ್ಯ, ಮನೆಗೆ ಹೋಗು ಎಂದೆ.

"ನಿಂದು ಮುಗಿದಿದ್ರೆ ನೀ ಹೋಗು," ಎಂದ. "ನಮ್ಮಕ್ಕ ಇನ್ನೂ ಒಳಗಿದಾಳೆ."