ಹಗ್ಗದ ತುದಿ ಯಾರ ಕೈಗೆ

ಚೀನಾದ ಝೆಜಿಯಾಂಗ್ ಪ್ರಾಂತ್ಯದ ಚಿತ್ರನಗರಿಯೊಂದರಲ್ಲಿ, ಸಿನಿಮಾದ ರಾಕ್ಷಸಮೃಗಗಳು ಮುತ್ತಿಗೆ ಹಾಕಲಿದ್ದ ಕೋಟೆಗೋಡೆಯೊಂದು ಎದ್ದು ನಿಂತಿತ್ತು. ನೀಲಿ ಕವಚದ ಸೇನಾನಿಯ ಪಾತ್ರಧಾರಿಣಿಗೆ ಬದಲಾಗಿ ಗೋಡೆಯಿಂದ ಧುಮುಕಬೇಕಾದವಳು ಸಾಹಸಕಲಾವಿದೆ ಯೂಚಿನ್. ಹೋದ ವರ್ಷ ಇಂಥದೇ ಜಿಗಿತದಲ್ಲಿ ಅವಳ ಹೆಗಲು ಮುರಿದಿತ್ತು. ಜಿಗಿಯುವವರ ಮೈಗೆ ಕಟ್ಟಿದ ಹಗ್ಗವನ್ನು ಕೆಳಗಿನಿಂದ ಎಳೆದು ಅವರ ಭಾರ ತಡೆಯುವ ಹಗ್ಗದವರ ಅಂದಿನ ಮುಂದಾಳು ದಾಗಾಂಗ್, ಜೊತೆಯವರು ಕಾಲೂರುವ ಮೊದಲೇ, ತನ್ನ ತೋಳ್ಬಲವೊಂದನ್ನೇ ನಂಬಿ ಎಳೆದುಬಿಟ್ಟಿದ್ದ. ಅಲ್ಲಿಂದೀಚೆಗೆ ಅವನು ಹಗ್ಗ ಮುಟ್ಟಿರಲಿಲ್ಲ. ರಣರಂಗದ ದೃಶ್ಯಗಳಲ್ಲಿ ಹೆಣದ ವೇಷ ಹಾಕಿ ಬಿದ್ದುಕೊಂಡು ಹೊಟ್ಟೆ ಹೊರೆಯುತ್ತಿದ್ದ.

ಈಗಿನ ಮುಂದಾಳು ಜ್ವರ ಹಿಡಿದು ಮಲಗಿದ್ದ. ಜಿಗಿಯುವವರು ತಮ್ಮ ಕೈಯಾರೆ ಹಗ್ಗದ ತುದಿಯನ್ನು ಮುಂದಾಳಿಗೆ ಒಪ್ಪಿಸುವುದು ಆ ತಂಡದ ಕಟ್ಟಳೆ. ಯೂಚಿನ್ ತುದಿ ಹಿಡಿದು ನೇರವಾಗಿ ಹೆಣಗಳ ನಡುವೆ ನಡೆದಳು.

“ಏಳು ದಾಗಾಂಗಣ್ಣ, ಸತ್ತಿದ್ದು ಸಾಕು.”

“ಬೆಳಿಗ್ಗೆಯಿಂದ ಹೆಣ ಆಗಿದೀನಿ ಕಣೇ. ಇವತ್ತು ಹಗ್ಗ ಹಿಡಿದ್ರೆ ಅಪಶಕುನ.”

“ಅದಕ್ಕೇ ಅಲ್ವಾ ಹೆಣದವ್ರಿಗೆ ಕೆಂಪು ಲಕೋಟೇಲಿ ದುಡ್ಡು ಕೊಡೋದು? ಇಸ್ಕೊಂಡ್ಯಲ್ಲ, ದೋಷ ಹೋಯ್ತು.”

“ಲಕೋಟೆಯಿಂದ ಮುರಿದ ಹೆಗಲು ಕೂಡುತ್ತೇನೇ?”

“ಕೂಡಿದೆ, ನೋಡು. ನನ್ನ ತೂಕ ನಿನ್ನ ಕೈಗೆ ಗೊತ್ತು. ಆದ್ರೆ ಮತ್ತೆ ಒಬ್ನೇ ಎಳೆದ್ಯೋ, ಈ ಸಲ ನಿನ್ನ ತಲೆ ಮೇಲೇ ಬೀಳ್ತೀನಿ!”

ಉಳಿದ ಮೂವರು ಹಗ್ಗದವರು ನಕ್ಕರು. ದಾಗಾಂಗ್ ನಗಲಿಲ್ಲ, ಎರಡೂ ಕೈಯೊಡ್ಡಿ ತುದಿಯನ್ನು ತೆಗೆದುಕೊಂಡ.

ಮಾತಿನಲ್ಲಿದ್ದ ಧೈರ್ಯ ಗೋಡೆಯ ನೆತ್ತಿಗೇರುವಷ್ಟರಲ್ಲಿ ಯೂಚಿನ್‌ಳಲ್ಲಿ ಉಳಿದಿರಲಿಲ್ಲ. ಇಂದು ಹಿಂದೆಗೆದರೆ ಇನ್ನೆಂದೂ ಗೋಡೆ ಹತ್ತಲಾರೆನೆಂಬುದು ಅವಳಿಗೆ ಗೊತ್ತಿತ್ತು. ಅವಳ ಕಣ್ಣು ಕೆಳಗಿನ ಹಗ್ಗವನ್ನು ಬಿಟ್ಟು ಕದಲಲಿಲ್ಲ. ನಿರ್ದೇಶಕರು ಕೈ ಎತ್ತಿದರು.

“ನಿಲ್ಸಿ!” ದಾಗಾಂಗ್ ಕೂಗಿದ.

“ಯಾರಯ್ಯಾ ಅದು?” ನಿರ್ದೇಶಕರು ಸಿಡುಕಿದರು. “ಬಿಸಿಲು ಇಳೀತಿದೆ. ಹೆಣಕ್ಕೂ ಬಾಯಿ ಬಂತಾ?”

“ಹಿಂದಿನವನ ಕಾಲು ಜಾರ್ತಿದೆ. ಬೈಯೋದಾದ್ರೆ ಬೈರಿ, ಅವನು ಕಾಲೂರೋ ತನಕ ನಾನು ಎಳೆಯಲ್ಲ.”

ನೂರಾರು ಸೈನಿಕವೇಷಗಳು ನೋಡುತ್ತಿದ್ದಂತೆಯೇ, ಯಾರಿಗೂ ತಲೆಬಾಗದ ಆ ಮನುಷ್ಯ ಮಂಡಿಯೂರಿ, ಜೊತೆಗಾರನ ಬೂಟಿನಡಿಯ ಜಲ್ಲಿಯನ್ನು ಕೈಯಿಂದಲೇ ಬಳಿದು ತೆಗೆದ. ಬಳಿಕ ಎದ್ದು, ಒಬ್ಬೊಬ್ಬರ ಮುಖವನ್ನೂ ನೋಡಿ, ಅವರು ತಲೆಯಾಡಿಸಿದ ಮೇಲೆಯೇ ಹಗ್ಗವನ್ನು ಬಿಗಿಹಿಡಿದ.

ಯೂಚಿನ್ ಹಗ್ಗದಿಂದ ಕಣ್ಣು ಕಿತ್ತು ಎದುರಿನ ಬಯಲನ್ನು ನೋಡಿದಳು. ನಿರ್ದೇಶಕರ ಕೂಗು ಕೇಳಿಸಿತು. ಕೆಳಗೆ ಬಗ್ಗಿ ನೋಡದೆಯೇ ಜಿಗಿದಳು. ನಾಲ್ವರೂ ಒಂದೇ ಉಸಿರಿಗೆ ಎಳೆದರು.